ಅರಸನನ್ನು ರಾಜ ಎಂದು ಓದಿದರೆ?

ಒಂದನೇ ತರಗತಿಯ ಪುಸ್ತಕದ ಒಂದು ಪುಟದಲ್ಲಿ ಕಿರೀಟ ತೊಟ್ಟವನೊಬ್ಬನ ಚಿತ್ರವಿದೆ ಎಂದಿಟ್ಟುಕೊಳ್ಳಿ. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಅರಸ’ ಎಂದು ಬರೆದಿದೆ. ಮಗು ಅದರ ಮೇಲೆ ಬೆರಳಿಟ್ಟು, ಚಿತ್ರವನ್ನೊಮ್ಮೆ ನೋಡಿ, ಗಟ್ಟಿಯಾಗಿ ‘ರಾಜ’ ಎಂದು ಓದುತ್ತದೆ. ಈಗ ಮೇಷ್ಟ್ರು ಏನು ಮಾಡಬೇಕು? ‘ಅರ್ಥ ಸರಿಯಾಗಿದೆಯಲ್ಲ, ಭೇಷ್’ ಎಂದು ಬೆನ್ನು ತಟ್ಟಬೇಕೆ? ‘ಅಲ್ಲಿ ರಾ ಎಲ್ಲಿದೆ, ಜ ಎಲ್ಲಿದೆ, ತೋರಿಸು ನೋಡೋಣ’ ಎಂದು ಮತ್ತೆ ಅಕ್ಷರಕ್ಕೆ ಎಳೆದು ತರಬೇಕೆ?

ಇದೇನು ಮಹಾ ಪ್ರಶ್ನೆ ಎಂದು ನಿಮಗೆ ಅನ್ನಿಸಬಹುದು. ಆದರೆ ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ಈ ಒಂದು ಪ್ರಶ್ನೆಯ ಸುತ್ತ ನೂರೈವತ್ತು ವರ್ಷಗಳಿಗೂ ಮೀರಿ ಜಗಳ ನಡೆದಿದೆ. ಅಮೆರಿಕದಲ್ಲಿ ಇದಕ್ಕೆ ‘ಓದಿನ ಸಮರ’ ಎಂದೇ ಹೆಸರು. ಸರ್ಕಾರಗಳು ಕಾನೂನು ಮಾಡಿವೆ, ಪುಸ್ತಕ ಪ್ರಕಾಶಕರು ಕೋಟಿ ಗಳಿಸಿದ್ದಾರೆ, ವಿದ್ವಾಂಸರು ಮುಖ ತಿರುಗಿಸಿಕೊಂಡು ಓಡಾಡಿದ್ದಾರೆ. ಜಗಳದ ಒಂದು ಕಡೆ ಇರುವವರು ಫೋನಿಕ್ಸ್‌ನವರು. ಯಾವ ಅಕ್ಷರಕ್ಕೆ ಯಾವ ಸದ್ದು ಎಂಬುದನ್ನು ಕ್ರಮವಾಗಿ ಕಲಿಸಿ, ಸದ್ದುಗಳನ್ನು ಕೂಡಿಸಿ ಪದ ಓದಿಸಬೇಕು ಎನ್ನುವವರು ಇವರು. ಇನ್ನೊಂದು ಕಡೆಯವರು ಇಡೀ ಪದ, ಇಡೀ ವಾಕ್ಯ, ಇಡೀ ಕಥೆಯಿಂದ ಶುರು ಮಾಡಿ. ಅಕ್ಷರ ತಾನಾಗಿ ಹಿಂದೆ ಬರುತ್ತದೆ ಎನ್ನುವವರು.

ಜಗಳ ಇಂಗ್ಲಿಷಿನವರದೇ ಆಗಿದ್ದಕ್ಕೆ ಕಾರಣವಿದೆ. ಆ ಭಾಷೆಯ ಅಕ್ಷರ 26, ಸದ್ದು ಸುಮಾರು 44. ಒಂದೇ ಅಕ್ಷರಕ್ಕೆ ನಾಲ್ಕು ಸದ್ದು, ಒಂದೇ ಸದ್ದಿಗೆ ಐದು ಬರವಣಿಗೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಯುರೋಪಿನ ಹಲವು ಭಾಷೆಗಳ ಮಕ್ಕಳನ್ನು ಹೋಲಿಸಿತು. ಮೊದಲ ವರ್ಷದ ಕೊನೆಗೆ ಫಿನ್ಲೆಂಡಿನ ಮಕ್ಕಳು ಪರಿಚಿತ ಪದಗಳನ್ನು ಹೆಚ್ಚುಕಡಿಮೆ ತಪ್ಪಿಲ್ಲದೆ ಓದಿದರೆ, ಇಂಗ್ಲಿಷ್ ಕಲಿಯುತ್ತಿದ್ದ ಸ್ಕಾಟ್ಲೆಂಡಿನ ಮಕ್ಕಳು ಮೂರರಲ್ಲಿ ಒಂದು ಪಾಲನ್ನಷ್ಟೇ ಸರಿಯಾಗಿ ಓದಿದ್ದರು. ದಡ್ಡತನ ಮಕ್ಕಳದಲ್ಲ, ಕಾಗುಣಿತದ್ದು.

ಇಂಥ ಭಾಷೆಯಲ್ಲಿ ಅಕ್ಷರವನ್ನು ನಂಬಿ ಕೂರುವುದು ಹೇಗೆ ಎಂದು ಕೆಲವರಿಗೆ ಬೇಸರ ಬಂದದ್ದು ಸಹಜವೇ. ಅಮೆರಿಕದ ಶಾಲಾ ಶಿಕ್ಷಣಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬನಾದ ಹೊರೇಸ್ ಮನ್‌ಗೆ ಅರ್ಥವಿಲ್ಲದ ಒಂಟಿ ಅಕ್ಷರಗಳು ರಕ್ತವಿಲ್ಲದ ಪ್ರೇತಗಳಂತೆ ಕಂಡವು. ಮಕ್ಕಳಿಗೆ ನೇರವಾಗಿ ಪದಗಳನ್ನೇ ಕಲಿಸಿ ಎಂದ. 1844ರಲ್ಲಿ ಬಾಸ್ಟನ್ನಿನ 31 ಮಂದಿ ಮೇಷ್ಟ್ರುಗಳು ಒಟ್ಟಾಗಿ ಅವನಿಗೆ ಖಾರವಾದ ಉತ್ತರ ಬರೆದರು. ತರಗತಿಯೊಳಗೆ ನಿಂತವನಿಗೆ ಕಾಣುವುದೇ ಬೇರೆ, ಹೊರಗೆ ನಿಂತು ವರದಿ ಬರೆಯುವವನಿಗೆ ಕಾಣುವುದೇ ಬೇರೆ ಎಂಬುದು ಅಂದೂ ಇತ್ತು.

ಇಪ್ಪತ್ತನೇ ಶತಮಾನದ ನಡುಭಾಗದವರೆಗೆ ಅಮೆರಿಕದಲ್ಲಿ ಗೆದ್ದದ್ದು ಪದದವರೇ. ‘ಡಿಕ್ ಮತ್ತು ಜೇನ್’ ಎಂಬ ಅಣ್ಣ ತಂಗಿಯ ಪಾಠಮಾಲೆ ಆಗ ಮನೆಮಾತಾಗಿತ್ತು. ‘ನೋಡು’ ಎಂಬ ಪದ ಒಂದೇ ಪುಟದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಹಾಗೆ ನೋಡಿ ನೋಡಿಯೇ ಮಗು ಪದದ ಆಕಾರವನ್ನು ಗುರುತು ಹಿಡಿಯಬೇಕು. 1955ರಲ್ಲಿ ವಿಯೆನ್ನಾದಿಂದ ಬಂದು ನೆಲೆಸಿದ್ದ ರುಡಾಲ್ಫ್ ಫ್ಲೆಶ್ ಎಂಬಾತ ‘ವೈ ಜಾನಿ ಕಾಂಟ್ ರೀಡ್’ ಎಂಬ ಪುಸ್ತಕ ಬರೆದು, ಜಾನಿಗೆ ಓದು ಬಾರದಿರುವುದು ಅವನಿಗೆ ಯಾರೂ ಓದಲು ಕಲಿಸದ ಕಾರಣದಿಂದ ಎಂದು ಕೂಗಿ ಹೇಳಿದ. ತಂದೆತಾಯಿಗಳು ಪುಸ್ತಕವನ್ನು ಮುಗಿಬಿದ್ದು ಕೊಂಡರು. ಪಂಡಿತರು ಮೂಗು ಮುರಿದರು. ನೀರಸ ಪಾಠಗಳ ವಿರುದ್ಧ ಎದ್ದ ಅದೇ ಕೂಗಿನ ಕಾಲದಲ್ಲಿ, 1957ರಲ್ಲಿ, ಡಾಕ್ಟರ್ ಸ್ಯೂಸ್ ಕೇವಲ 236 ಬೇರೆ ಬೇರೆ ಪದಗಳನ್ನು ಬಳಸಿ ಟೋಪಿ ಹಾಕಿದ ಬೆಕ್ಕಿನ ಕಥೆ ಹೊಸೆದ. ಕಡಿಮೆ ಪದಗಳಲ್ಲೂ ಮಗುವನ್ನು ನಗಿಸಬಹುದು ಎಂದು ತೋರಿಸಿದ್ದು ಅವನ ದೊಡ್ಡಸ್ತಿಕೆ.

1967 ಈ ಜಗಳದಲ್ಲಿ ಮೋಜಿನ ವರ್ಷ. ಹಾರ್ವರ್ಡಿನ ಜೀನ್ ಚಾಲ್ ಅದುವರೆಗಿನ ಅಧ್ಯಯನಗಳನ್ನೆಲ್ಲ ಸೋಸಿ, ಆರಂಭದಲ್ಲಿ ಅಕ್ಷರ ಮತ್ತು ಸದ್ದಿನ ನಂಟನ್ನು ಕಲಿಸುವುದೇ ಮೇಲು ಎಂದು ಬರೆದದ್ದು ಆ ವರ್ಷ. ಕೆನ್ನೆತ್ ಗುಡ್‌ಮನ್ ಎಂಬ ಇನ್ನೊಬ್ಬ ವಿದ್ವಾಂಸರು, ಓದು ಎಂದರೆ ಅಕ್ಷರ ಅಕ್ಷರ ಅರೆಯುವ ಕೆಲಸವಲ್ಲ, ಸಂದರ್ಭ ನೋಡಿ ಮುಂದಿನ ಪದ ಊಹಿಸುವ ಆಟ ಎಂದು ಬರೆದದ್ದೂ ಅದೇ ವರ್ಷ. ಚಾಲ್ ಪುಸ್ತಕವನ್ನು ಜನ ಗೌರವಿಸಿದರು. ಗುಡ್‌ಮನ್ ಮಾತನ್ನು ಪ್ರೀತಿಸಿದರು. ಅದರಿಂದ ‘ಹೋಲ್ ಲ್ಯಾಂಗ್ವೇಜ್’ ಎಂಬ ಚಳವಳಿಯೇ ಹುಟ್ಟಿತು. ಮಗುವಿನ ಸುತ್ತ ಒಳ್ಳೆಯ ಕಥೆಪುಸ್ತಕ ಇಡಿ, ಓದಿ ಹೇಳಿ, ಬರೆಯಲು ಬಿಡಿ, ತಪ್ಪು ತಿದ್ದುವ ಗಡಿಬಿಡಿ ಬೇಡ. ಗೊತ್ತಿಲ್ಲದ ಪದ ಬಂದರೆ ಚಿತ್ರ ನೋಡಲಿ, ಮೊದಲ ಅಕ್ಷರ ನೋಡಲಿ, ಏನು ಹೊಂದುತ್ತದೆ ಎಂದು ಯೋಚಿಸಲಿ. ಅರಸನನ್ನು ರಾಜ ಎಂದರೂ ಅಡ್ಡಿಯಿಲ್ಲ.

ಕೇಳಲು ಎಷ್ಟು ಹಿತವಾಗಿದೆ! ನಮ್ಮ ನಿಮ್ಮಂಥ ಪುಸ್ತಕಪ್ರಿಯರು ಮನಸೋಲುವಂಥ ಮಾತೇ. ಕ್ಯಾಲಿಫೋರ್ನಿಯಾ ರಾಜ್ಯವೂ ಮನಸೋತಿತು. 1987ರಲ್ಲಿ ಸಾಹಿತ್ಯವನ್ನು ಮುಂದಿಟ್ಟು, ಅಕ್ಷರಪಾಠವನ್ನು ಹಿಂದಕ್ಕೆ ಸರಿಸಿ ಹೊಸ ಪಠ್ಯಕ್ರಮ ತಂದಿತು. 1994ರ ರಾಷ್ಟ್ರೀಯ ಓದಿನ ಪರೀಕ್ಷೆಯಲ್ಲಿ ಆ ರಾಜ್ಯದ ನಾಲ್ಕನೇ ತರಗತಿಯ ಮಕ್ಕಳು ಪಟ್ಟಿಯ ತಳಕ್ಕೆ ಬಂದಿದ್ದರು. ತುಂಬಿ ತುಳುಕುವ ತರಗತಿಗಳು, ಹೊರದೇಶಗಳಿಂದ ಬಂದ ಮಕ್ಕಳು, ಹಣದ ಕೊರತೆ, ಇವೂ ಕಾರಣ ಎಂದು ಕೆಲವರು ವಾದಿಸಿದರು. ಅದರಲ್ಲಿ ಹುರುಳೂ ಇತ್ತು. ಆದರೆ ಆ ಪಠ್ಯಕ್ರಮ ಬಂದಾಗ ರಾಜ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಬಿಲ್ ಹೋನಿಗ್ ಅವರೇ ಮುಂದೆ ಫೋನಿಕ್ಸ್ ಪರವಾಗಿ ಪುಸ್ತಕ ಬರೆದು ಊರೂರು ತಿರುಗಿದರು.

ಅಷ್ಟರಲ್ಲಿ ಪ್ರಯೋಗಾಲಯಗಳಿಂದಲೂ ಸುದ್ದಿ ಬರತೊಡಗಿತ್ತು. ನುರಿತ ಓದುಗರು ಸಂದರ್ಭ ನೋಡಿ ಪದ ಊಹಿಸುತ್ತಾರೆ ಎಂದೇ ನಂಬಿ ಪರೀಕ್ಷೆಗೆ ಇಳಿದ ಕೀತ್ ಸ್ಟ್ಯಾನೊವಿಚ್ ಮತ್ತು ರಿಚರ್ಡ್ ವೆಸ್ಟ್ ಅವರಿಗೆ ಸಿಕ್ಕಿದ್ದು ತದ್ವಿರುದ್ಧ ಉತ್ತರ. ಊಹೆಯನ್ನು ನೆಚ್ಚಿಕೊಳ್ಳುವವರು ಚೆನ್ನಾಗಿ ಓದುವವರಲ್ಲ, ಓದಲು ತಡವರಿಸುವವರು. ಓದುವಾಗ ಕಣ್ಣಿನ ಚಲನೆಯನ್ನು ಅಳೆದ ಕೀತ್ ರೇನರ್ ಮೊದಲಾದವರು, ಪಳಗಿದ ಓದುಗನ ಕಣ್ಣೂ ಬಹುಪಾಲು ಪದಗಳ ಮೇಲೆ ನಿಂತೇ ಮುಂದೆ ಹೋಗುತ್ತದೆ, ಹಾರಿಸುವುದು ಹೆಚ್ಚಾಗಿ ಪುಟ್ಟ ಪದಗಳನ್ನು ಮಾತ್ರ ಎಂದು ತೋರಿಸಿದರು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಓದು ಮಂಡಳಿ ವರದಿ ಕೊಟ್ಟು, ಕ್ರಮಬದ್ಧ ಫೋನಿಕ್ಸ್ ಬೇಕು ಎಂದಿತು. ಅದೊಂದೇ ಅಲ್ಲ, ಸದ್ದಿನ ಅರಿವು, ಸರಾಗ ಓದು, ಪದಸಂಪತ್ತು, ಅರ್ಥಗ್ರಹಿಕೆ, ಈ ನಾಲ್ಕೂ ಜೊತೆಗಿರಲಿ ಎಂದಿತು.

ಇಂಗ್ಲೆಂಡಿನಲ್ಲಿ 2006ರ ರೋಸ್ ವರದಿಯ ನಂತರ ಫೋನಿಕ್ಸ್ ಅಧಿಕೃತವಾಯಿತು. 2012ರಿಂದ ಆರು ವರ್ಷದ ಮಕ್ಕಳಿಗೆ ಒಂದು ಸಣ್ಣ ತಪಾಸಣೆ ಇದೆ. ಓದಬೇಕಾದ್ದು 40 ಪದ. ಅವುಗಳಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ! ಪಕ್ಕದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರವಿದ್ದು, ಇದು ಅದರ ಹೆಸರು ಎಂದು ಮಗುವಿಗೆ ಹೇಳುತ್ತಾರೆ. ಬಾಯಿಪಾಠದಿಂದಲೂ ಊಹೆಯಿಂದಲೂ ಅದನ್ನು ಓದಲಾಗದು ಎಂಬುದೇ ಅದರ ಜಾಣತನ. ಮೊದಲ ವರ್ಷ ನೂರಕ್ಕೆ 58 ಮಕ್ಕಳು ತೇರ್ಗಡೆಯಾದರೆ 2019ರಲ್ಲಿ 82 ಮಕ್ಕಳು ಆದರು. ಅರ್ಥವಿಲ್ಲದ ಪದ ಓದಿಸುವುದು ಓದಿಗೇ ಅವಮಾನ ಎಂದು ಕವಿ ಮೈಕೇಲ್ ರೋಸೆನ್‌ರಂಥವರು ಸಿಡಿದದ್ದೂ ಉಂಟು. ತಪಾಸಣೆಗೆಂದೇ ತಾಲೀಮು ನಡೆಯುತ್ತಿದೆ ಎಂಬ ದೂರೂ ಇದೆ.

ಅಮೆರಿಕದ ಬಡ ರಾಜ್ಯಗಳಲ್ಲಿ ಒಂದಾದ ಮಿಸಿಸಿಪ್ಪಿ 2013ರಲ್ಲಿ ಓದಿಗಾಗಿಯೇ ಕಾನೂನು ತಂದಿತು. ಆಗ ರಾಷ್ಟ್ರೀಯ ಪರೀಕ್ಷೆಯಲ್ಲಿ ಅದು ಕಟ್ಟಕಡೆಯ ರಾಜ್ಯಗಳ ಸಾಲಿನಲ್ಲಿತ್ತು. 2019ರಲ್ಲಿ ಅಲ್ಲಿನ ನಾಲ್ಕನೇ ತರಗತಿಯ ಮಕ್ಕಳು ದೇಶದ ಸರಾಸರಿಯನ್ನು ಮುಟ್ಟಿದ್ದರು. ಇದು ಫೋನಿಕ್ಸ್ ಎಂಬ ಮಂತ್ರದ ಪವಾಡವಲ್ಲ. ಅಲ್ಲಿ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟರು, ಹಿಂದುಳಿದ ಶಾಲೆಗಳಿಗೆ ಪಳಗಿದ ಮಾರ್ಗದರ್ಶಕರನ್ನು ಕಳಿಸಿದರು, ಓದು ಬಾರದ ಮಗುವನ್ನು ಮೂರನೇ ತರಗತಿಯಲ್ಲೇ ನಿಲ್ಲಿಸಿಕೊಂಡು ಕಲಿಸಿದರು. ನ್ಯೂಜಿಲೆಂಡ್ ಊಹೆಯ ಪದ್ಧತಿಯ ತವರುಗಳಲ್ಲೊಂದು. ಅದೂ 2025ರ ಆರಂಭದಿಂದ ಸರ್ಕಾರಿ ಶಾಲೆಗಳಲ್ಲಿ ಕ್ರಮಬದ್ಧ ಅಕ್ಷರಪಾಠವನ್ನು ಕಡ್ಡಾಯ ಮಾಡಿತು.

ಈ ದೂರದ ಜಗಳ ನಮಗೇಕೆ ಎಂದು ಕೇಳಬಹುದು. ಕೇಳಬೇಕಾದ್ದೇ. ಉತ್ತರ ನಮ್ಮ ಶಾಲೆಯ ಕಿಟಕಿಯಿಂದಲೇ ಕೇಳಿಸುತ್ತದೆ. ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು. ಡಿ ಓ ಜಿ ಡಾಗ್, ಡಾಗ್ ಅಂದ್ರೆ ನಾಯಿ.’

ಕನ್ನಡದಲ್ಲಿ ಅಕ್ಷರದ ಹೆಸರೇ ಅಕ್ಷರದ ಸದ್ದು. ಕ, ಮ, ಲ ಎಂದು ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಮಲ ಎಂಬ ಪದ ಬಾಯಲ್ಲಿ ಅರಳಿರುತ್ತದೆ. ಆದ್ದರಿಂದ ಅಕ್ಷರ ಹೇಳಿಸಿದರೆ ಪದ ಬರುತ್ತದೆ ಎಂಬ ನಂಬಿಕೆ ನಮ್ಮ ರಕ್ತದಲ್ಲೇ ಇದೆ. ಅದೇ ನಂಬಿಕೆಯನ್ನು ಇಂಗ್ಲಿಷಿಗೆ ಹಚ್ಚಿದರೆ ಏನಾದೀತು? ಸಿ, ಎ, ಟಿ ಎಂದು ಸಾವಿರ ಸಲ ಹೇಳಿದರೂ ಅದು ‘ಸಿಎಟಿ’ಯೇ; ಕ್ಯಾಟ್ ಆಗುವುದಿಲ್ಲ. ಎಚ್ ಎಂಬ ಹೆಸರಿನಲ್ಲಿ ಹಕಾರವಿಲ್ಲ. ಡಬ್ಲ್ಯೂ ಎಂಬ ಹೆಸರಿನಲ್ಲಿ ವಕಾರವಿಲ್ಲ. ಹಾಗಾಗಿ ನಮ್ಮ ಮಗು ಅಕ್ಷರ ಹೇಳುತ್ತಿರುವಂತೆ ಕಂಡರೂ ನಿಜವಾಗಿ ಮಾಡುತ್ತಿರುವುದು ಇಡೀ ಪದದ ಬಾಯಿಪಾಠ. ಅಮೆರಿಕದವರು ಹೊಡೆದಾಡಿ ಕೈಬಿಟ್ಟ ಪದ್ಧತಿ ನಮ್ಮಲ್ಲಿ ಅಕ್ಷರಾಭ್ಯಾಸದ ವೇಷ ಹಾಕಿಕೊಂಡು ಕೂತಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ತೊಡಗಿದ್ದು 2007ರಲ್ಲಿ. ಹತ್ತು ವರ್ಷ ಇಂಗ್ಲಿಷ್ ಕಲಿತೂ ಹೊಸ ಪದವೊಂದನ್ನು ತಾನೇ ಓದಲಾಗದ ಹುಡುಗರು ನಮ್ಮ ನಡುವೆ ಇದ್ದಾರೆ ಎಂದರೆ ಆಶ್ಚರ್ಯಪಡಬೇಕಿಲ್ಲ.

ಪಟ್ಟಣಗಳ ಅನುಕೂಲಸ್ಥರು ಇದನ್ನು ಎಂದೋ ಕಂಡುಕೊಂಡಿದ್ದಾರೆ. ಅವರ ಮಕ್ಕಳಿಗೆ ಶುಲ್ಕ ತೆತ್ತು ಸಂಜೆಯ ಫೋನಿಕ್ಸ್ ತರಗತಿ ಉಂಟು. ಬಡವರ ಮಗುವಿಗೆ ‘ಸಿ ಎ ಟಿ ಕ್ಯಾಟ್’. ಪದ್ಧತಿಯ ಜಗಳ ನಮ್ಮಲ್ಲಿ ಸದ್ದಿಲ್ಲದೆ ವರ್ಗದ ಜಗಳವಾಗಿರುವುದು ಹೀಗೆ.

ಹಾಗಾದರೆ ಫೋನಿಕ್ಸ್ ಪುಸ್ತಕಗಳನ್ನು ತರಿಸಿ ಕನ್ನಡಕ್ಕೂ ಹಚ್ಚೋಣವೆ? ಅಲ್ಲೂ ಎಚ್ಚರ ಬೇಕು. ಕನ್ನಡದ ಕಷ್ಟವೇ ಬೇರೆ. ನಮ್ಮ ಅಕ್ಷರ ಸುಳ್ಳು ಹೇಳುವುದಿಲ್ಲ. ಆದರೆ ಸಂಖ್ಯೆ ಜಾಸ್ತಿ. ವರ್ಣಮಾಲೆಯಲ್ಲಿ 49 ಎಂದರೂ, 34 ವ್ಯಂಜನಗಳಿಗೆ ಕಾಗುಣಿತದ ಹದಿನೈದು ರೂಪ ಕೊಟ್ಟರೆ ಲೆಕ್ಕ 510ಕ್ಕೆ ಹೋಗುತ್ತದೆ. ಒತ್ತಕ್ಷರಗಳು ಇನ್ನೂ ಹೊರಗೇ ಇವೆ. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ವಟ್ರಸುಳಿಗಳನ್ನು ರಾಗವಾಗಿ ಹೇಳಿ ಬೆಳೆದವರಿಗೆ ಇದು ಗೊತ್ತು. ಅರ್ಕಾವೊತ್ತನ್ನಂತೂ ಕೇಳಲೇಬೇಡಿ: ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ನಮ್ಮ ನಾಡಿನ ಹೆಸರಾದ ‘ಕರ್ನಾಟಕ’ವನ್ನು ಓದಬೇಕಾದರೂ ಮಗು ಈ ಗಂಟನ್ನು ಬಿಡಿಸಬೇಕು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನ್ನಡದ ಮಕ್ಕಳು ಅಕ್ಷರಗಳನ್ನೆಲ್ಲ ವಶಪಡಿಸಿಕೊಳ್ಳಲು ಇಂಗ್ಲಿಷಿನಂಥ ಭಾಷೆಯ 26 ಅಕ್ಷರಗಳಿಗೆ ಬೇಕಾಗುವುದಕ್ಕಿಂತ ಬಹಳ ಹೆಚ್ಚು ಕಾಲ ಬೇಕು, ಆ ಕಲಿಕೆ ನಾಲ್ಕನೇ ತರಗತಿಯತನಕವೂ ನಡೆದೇ ಇರುತ್ತದೆ ಎಂದು ತೋರಿಸಿದರು. ನಾವೋ, ಒಂದನೇ ತರಗತಿಯಲ್ಲಿ ವರ್ಣಮಾಲೆ, ಎರಡರಲ್ಲಿ ಒತ್ತಕ್ಷರ, ಅಲ್ಲಿಗೆ ಅಕ್ಷರ ಮುಗಿಯಿತು ಎಂದು ಕೈ ತೊಳೆದುಕೊಳ್ಳುತ್ತೇವೆ. ಮೂರನೇ ತರಗತಿಯ ಪುಸ್ತಕ ತುಂಬ ಸಂಯುಕ್ತಾಕ್ಷರ. ಅವನ್ನು ಕಲಿಸುವ ಪಾಠ ಮಾತ್ರ ಇಲ್ಲ.

ಹಾಗೆಂದು ನಮ್ಮವರು ಯೋಚಿಸಿಯೇ ಇಲ್ಲ ಎನ್ನಲಾಗದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದು ಶುರು ಮಾಡಿದ ‘ನಲಿ-ಕಲಿ’ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಅದರಲ್ಲಿ ಅ ಆ ಇ ಈ ಎಂಬ ಸಾಲು ಮೊದಲಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭ, ಒಂದಕ್ಕೊಂದು ಕೂಡಿಕೊಳ್ಳುವ ಅಕ್ಷರಗಳು. ಬರೀ ಐದು ಅಕ್ಷರ ಬಂದರೆ ಮಗು ಅರಸ, ಅಗಸ, ಸರ, ದಸರ, ಗರಗಸ ಎಂದು ಓದಬಲ್ಲದು. ಗದಗದ ಮಗುವಾದರೆ ಅದೇ ವಾರ ಬಸ್ಸಿನ ಹಣೆಯ ಮೇಲೆ ತನ್ನೂರಿನ ಹೆಸರನ್ನೂ ಓದೀತು. ಇದಕ್ಕಿಂತ ಒಳ್ಳೆಯ ಫೋನಿಕ್ಸ್ ಇನ್ನೇನಿದೆ? ಅರಸ, ಅಗಸ ಎರಡನ್ನೂ ಪಕ್ಕಪಕ್ಕ ಇಟ್ಟರೆ ನಡುವಿನ ಒಂದೇ ಅಕ್ಷರ ಸಿಂಹಾಸನದಲ್ಲಿದ್ದವನನ್ನು ಹೊಳೆದಂಡೆಗೆ ಕಳಿಸುತ್ತದೆ. ಆ ಒಂದು ಅಕ್ಷರವನ್ನು ನೋಡುವ ಅಭ್ಯಾಸವೇ ಓದು. ಆದ್ದರಿಂದ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ. ‘ರಾಜ’ ಎಂದ ಮಗುವನ್ನು ಗದರಬೇಡಿ, ಆದರೆ ಹಾಗೆಯೇ ಮುಂದೆ ಹೋಗಲೂ ಬಿಡಬೇಡಿ. ಇಂದು ಅರಸನನ್ನು ಊಹಿಸಿದ ಮಗು, ಚಿತ್ರಗಳೇ ಇಲ್ಲದ ಐದನೇ ತರಗತಿಯ ಪುಸ್ತಕದಲ್ಲಿ ಏನನ್ನು ಊಹಿಸೀತು?

ಇಷ್ಟು ಹೇಳಿದ ಮೇಲೂ ಇನ್ನೊಂದು ಪಕ್ಷದವರ ಮಾತನ್ನು ಮರೆಯುವಂತಿಲ್ಲ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬಿಬ್ಬರು ಒಂದು ಸರಳ ಲೆಕ್ಕ ಹೇಳಿದರು. ಓದು ಎಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಮಾತನ್ನು ಅರ್ಥ ಮಾಡಿಕೊಳ್ಳುವ ಶಕ್ತಿ, ಇವೆರಡರ ಗುಣಲಬ್ಧ. ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಒಂದು ಕಡೆ ಸೊನ್ನೆಯಾದರೆ ಇನ್ನೊಂದು ಕಡೆ ನೂರಿದ್ದರೂ ಉತ್ತರ ಸೊನ್ನೆಯೇ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ಕೊಂಕಣಿ ಆಡುವ ಮಗು ಕನ್ನಡದ ಅಕ್ಷರಗಳನ್ನೆಲ್ಲ ಕೂಡಿಸಿ ಓದಿದರೂ ಪದದ ಅರ್ಥ ಗೊತ್ತಿಲ್ಲದಿದ್ದರೆ ಅದು ಓದಾಗದು. ಇಂಗ್ಲಿಷಿನ ಒಂದು ಮಾತೂ ಕಿವಿಗೆ ಬೀಳದ ಹಳ್ಳಿಯ ಮಗುವಿಗೆ ಎಂಥ ಫೋನಿಕ್ಸ್ ಕಲಿಸಿದರೂ ಅಷ್ಟೇ. ಕಥೆ ಹೇಳುವುದು, ಹಾಡಿಸುವುದು, ಮಾತಾಡಿಸುವುದು, ಕೈಗೆ ಪುಸ್ತಕ ಕೊಡುವುದು, ಇವೆಲ್ಲ ಅಕ್ಷರಕ್ಕೆ ಬದಲಿ ಅಲ್ಲ. ಅಕ್ಷರಕ್ಕೆ ಬೆಲೆ ಬರುವುದು ಅವುಗಳಿಂದ. ಅಮೆರಿಕದವರ ಎರಡು ಪಕ್ಷಗಳೂ ಈ ಗುಣಾಕಾರದ ಒಂದೊಂದು ಅಂಕಿಯನ್ನು ಹಿಡಿದುಕೊಂಡು ಜಗ್ಗಾಡಿದವು ಎಂದೇ ನನಗೆ ತೋರುತ್ತದೆ.

ನಮ್ಮಲ್ಲಿ ಜಗ್ಗಾಟವೂ ಇಲ್ಲ, ಅದೇ ತೊಂದರೆ. 2024ರ ಅಸರ್ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳ ಸರ್ಕಾರಿ ಶಾಲೆಯ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮಕ್ಕಳು ನೂರಕ್ಕೆ 23.4. ಕೊರೊನಾ ನಂತರದ 2022ರಲ್ಲಿ ಇದ್ದ 16.3ಕ್ಕೆ ಹೋಲಿಸಿದರೆ ಏರಿಕೆಯೇ, ಸಂತೋಷ. ಆದರೂ ನಾಲ್ಕರಲ್ಲಿ ಮೂರು ಮಕ್ಕಳು ಹೊರಗೇ ಉಳಿದರಲ್ಲ? ಅವರಿಗೆ ಸಮಾಜ, ವಿಜ್ಞಾನ, ಗಣಿತದ ಪ್ರಶ್ನೆಪತ್ರಿಕೆ ಎಲ್ಲವೂ ಮುಚ್ಚಿದ ಬಾಗಿಲೇ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂದು ಪತ್ರಿಕೆಗಳು ಮುಖಪುಟದಲ್ಲಿ ಅಚ್ಚು ಹಾಕುತ್ತವೆ. ಕೊನೆಯ ಜಿಲ್ಲೆಯ ಅಧಿಕಾರಿಗೆ ನೋಟೀಸು ಹೋಗುತ್ತದೆ. ಒಂದನೇ ತರಗತಿಯ ಫಲಿತಾಂಶ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ಆ ತರಗತಿಗೆ ಶಾಲೆಯ ಅತ್ಯುತ್ತಮ ಮೇಷ್ಟ್ರನ್ನೇ ಹಾಕಬೇಕು ಎಂಬ ನಿಯಮವೂ ಇಲ್ಲ. ಒಬ್ಬರೇ ಮೂರು ತರಗತಿ ನೋಡಿಕೊಳ್ಳುವಲ್ಲಿ ಅಂಥ ಮಾತಿಗೆ ಅರ್ಥವೂ ಇಲ್ಲ. ಹತ್ತನೇ ತರಗತಿಯಲ್ಲಿ ಅನುತ್ತೀರ್ಣನಾದ ಹುಡುಗನ ಹೆಸರಿನ ಮುಂದೆ ನಾವು ಗಣಿತ ಎಂದೋ ಇಂಗ್ಲಿಷ್ ಎಂದೋ ವಿಷಯ ಬರೆಯುತ್ತೇವೆ. ಅವನು ಸೋತದ್ದು ಒಂಬತ್ತು ವರ್ಷ ಹಿಂದೆ, ಆರನೇ ವಯಸ್ಸಿನಲ್ಲಿ, ಯಾರೂ ಅವನ ಪಕ್ಕ ಕೂತು ‘ರ ಎಲ್ಲಿದೆ, ತೋರಿಸು’ ಎಂದು ಕೇಳದೆ ಹೋದ ದಿನ.